ಅಂಬಾಸಿಡರ್ ಎಂಜಿನ್ ಇಳಿಸೋಕೆ ಕ್ರೇನೇ ಬೇಕಾ?

ಹಳೇ ಕಾರಿನ ಎಂಜಿನ್ ಮನೆಯಲ್ಲೇ ಇಳಿಸುತ್ತೇನೆ ಅಂದರೆ ಜನ ಮೊದಲು ನಮ್ಮ ಮುಖ ನೋಡುತ್ತಾರೆ. ಆಮೇಲೆ, "ಕ್ರೇನ್ ಎಲ್ಲಿಂದ ತರ್ತೀರಾ?" ಅಂತ ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಆದರೆ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದದ್ದು ಬೇರೆ: ಮನೆ ಮುಂದಿನ ನೆಲ ಎಂಥದ್ದು?

ನಮ್ಮದು ಮೈಸೂರಿನಲ್ಲಿ ಒಂದು ಸಾಧಾರಣ ಮನೆ. ಮುಂದೆ ಪೋರ್ಟಿಕೋ, ಅದರಾಚೆ ಇಂಟರ್‌ಲಾಕ್ ಕಲ್ಲು ಹಾಸಿದ ಜಾಗ, ಆಮೇಲೆ ಗೇಟು. ಮಳೆ ನೀರು ಹರಿದು ಹೋಗಲಿ ಅಂತ ಎಲ್ಲವೂ ಗೇಟಿನ ಕಡೆಗೆ ಇಳಿಜಾರು. ಅಲ್ಲಿ ನಿಂತಿರುವುದು ಅಪ್ಪ ಓಡಿಸುತ್ತಿದ್ದ 1984ರ ಅಂಬಾಸಿಡರ್ ಮಾರ್ಕ್ 4, ಪೆಟ್ರೋಲ್ ಗಾಡಿ. ಓಡುತ್ತದೆ. ಆದರೆ ಹೊಗೆ ನೀಲಿ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ಗೆ ಬಂದರೆ ಆಯಿಲ್ ದೀಪ ಮಿಣುಕುತ್ತದೆ. ನಮ್ಮ ಮೇಸ್ತ್ರಿ ಬಾನೆಟ್ ಎತ್ತಿ ಕಿವಿಕೊಟ್ಟು ಕೇಳಿ, "ಬೋರ್ ಹೋಗಿದೆ ಸಾರ್. ಬೇರಿಂಗೂ ನೋಡ್ಬೇಕು. ಇಳಿಸಿಬಿಡಿ" ಅಂದರು. ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ, ಅದು ಸವೆದಿದೆ ಅಂತ. ಅವರಿಗೆ ಈಗ ಸ್ವಂತ ಗ್ಯಾರೇಜಿಲ್ಲ. ಮನೆಗೇ ಬಂದು ಕೆಲಸ ಮಾಡಿಕೊಡುತ್ತಾರೆ. ಬೇರೆ ಗ್ಯಾರೇಜಿನಲ್ಲಿ ಬಿಟ್ಟರೆ ಹಳೇ ಕಾರು ಮೂಲೆ ಸೇರುತ್ತದೆ, ಅದರ ಮೇಲೆ ಬಂಪರು, ಬಂಪರಿನ ಮೇಲೆ ಬೆಕ್ಕು. ಹಾಗಾಗಿ ಮನೆಯಲ್ಲೇ ಮಾಡೋಣ ಅಂತಾಯಿತು. ಸಾಮಾನು ಹೊಂದಿಸುವ ಕೆಲಸ ನನ್ನದು.

ಏನನ್ನು ಎತ್ತುತ್ತಿದ್ದೇವೆ ಅಂತ ಮೊದಲು ತಿಳಿದಿರಬೇಕಲ್ವಾ? ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರನ್ನೇ ಹಿಂದೂಸ್ತಾನ್ ಮೋಟಾರ್ಸ್ ಕಲ್ಕತ್ತೆಯ ಹತ್ತಿರದ ಉತ್ತರಪಾಡಾದಲ್ಲಿ ಅಂಬಾಸಿಡರ್ ಮಾಡಿತು. 2014ರ ಮೇ ತಿಂಗಳಲ್ಲಿ ಆ ಕಾರ್ಖಾನೆ ಕೆಲಸ ನಿಲ್ಲಿಸುವ ತನಕ ಆಕಾರ ಹೆಚ್ಚು ಕಡಿಮೆ ಅದೇ. ನಮ್ಮ ಗಾಡಿಯಲ್ಲಿರುವುದು 1489 ಸಿಸಿಯ ಬಿಎಂಸಿ, ಅಂದರೆ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ, ಬಿ-ಸೀರೀಸ್ ಎಂಜಿನ್. ಇಂಗ್ಲೆಂಡಿನ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿ ಇದ್ದದ್ದೂ ಇದೇ ವಂಶದ್ದು. ಸಿಲಿಂಡರುಗಳಿರುವ ಬ್ಲಾಕೂ ಬೀಡು ಕಬ್ಬಿಣ, ಅದರ ಮೇಲೆ ಕೂರುವ ಹೆಡ್ಡೂ ಬೀಡು ಕಬ್ಬಿಣ. ಅಲ್ಯುಮಿನಿಯಂ ತಂದು ಹಗುರ ಮಾಡುವ ಯೋಚನೆ ಆಗ ಯಾರಿಗೂ ಬಂದಿರಲಿಲ್ಲ ಅಂತ ಕಾಣುತ್ತದೆ. ಬರೀ ಎಂಜಿನ್ನೇ ಒಂದೂವರೆ ಕ್ವಿಂಟಾಲ್ ಆಸುಪಾಸು. ಗೇರ್‌ಬಾಕ್ಸ್ ಜೊತೆಗೇ ಬಂದರೆ ಎರಡು ಕ್ವಿಂಟಾಲ್ ಅಂತ ಹಿಡಿಯಬೇಕು. ಇಡೀ ಲೆಕ್ಕವನ್ನು ನಾನು 200 ಕಿಲೋಗೇ ಹಾಕಿದೆ. ಇಂಥದ್ದರಲ್ಲಿ ಲೆಕ್ಕ ಜಾಸ್ತಿಯಾದರೆ ನಷ್ಟವಿಲ್ಲ.

ಪ್ರೀಮಿಯರ್ ಪದ್ಮಿನಿ ಕಾರು ಇಟ್ಟುಕೊಂಡವರಿಗೆ ಕೆಲಸ ಇನ್ನೂ ಸ್ವಲ್ಪ ಹಗುರ, ಅದು 1089 ಸಿಸಿಯ ಚಿಕ್ಕ ಎಂಜಿನ್. ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಇದ್ದವರಂತೂ ಈ ಬರಹವನ್ನು ಇಲ್ಲಿಗೇ ಬಿಡಬಹುದು. ಅದರ ಎಂಜಿನ್ ಹಿಂದಿದೆ, ಗೇರ್‌ಬಾಕ್ಸಿಗೆ ನಾಲ್ಕೇ ಬೋಲ್ಟಿನಲ್ಲಿ ಕೂತಿದೆ. ಕಾರನ್ನು ಎತ್ತರಿಸಿ, ಟ್ರಾಲಿ ಜ್ಯಾಕಿನ ಮೇಲೆ ಎಂಜಿನ್ ಕೆಳಗಿಳಿಸಿ ಎಳೆದುಕೊಂಡರಾಯಿತು.

ಈಗ ಕ್ರೇನ್ ವಿಷಯ. ಎಂಜಿನ್ ಕ್ರೇನ್ ಅಂತ ಸಿಗುವುದು ಮಡಚಿಡಬಹುದಾದ, ಹೈಡ್ರಾಲಿಕ್ ಜ್ಯಾಕ್ ಇರುವ, ಚಿಕ್ಕ ಚಕ್ರಗಳ ಮೇಲೆ ನಿಂತ ಒಂದು ಒಂಟೆ. 2 ಟನ್ನಿನದಕ್ಕೆ ನನಗೆ ಅಂಗಡಿಗಳು ಹೇಳಿದ್ದು 25,000ದಿಂದ 30,000 ರೂಪಾಯಿ. ಗ್ಯಾರೇಜಿನಲ್ಲಿ ಅದಕ್ಕೆ ಸಮ ಇನ್ನೊಂದಿಲ್ಲ. ಆದರೆ ಗ್ಯಾರೇಜಿನ ನೆಲ ನಯವಾದ ಕಾಂಕ್ರೀಟು. ಆ ಚಕ್ರಗಳು ಅಂಗೈಯಗಲವೂ ಇರುವುದಿಲ್ಲ. ಇಂಟರ್‌ಲಾಕ್ ಕಲ್ಲಿನ ಸಂದಿಯಲ್ಲಿ ಒಂದು ಚಕ್ರ ಸಿಕ್ಕಿಕೊಂಡರೆ ಸಾಕು, ಮೇಲೆ ತೂಗುತ್ತಿರುವ ಎರಡು ಕ್ವಿಂಟಾಲ್ ಕಬ್ಬಿಣ ಮುಂದಕ್ಕೆ ತೂರಾಡುತ್ತದೆ, ಕ್ರೇನ್ ನಿಂತಲ್ಲೇ ನಿಲ್ಲುತ್ತದೆ. ಮಣ್ಣಿನ ಅಂಗಳದ ಮಾತಂತೂ ಬೇಡ.

ಇನ್ನೊಂದು ಸಂಗತಿ. 2 ಟನ್ ಅಂತ ಬಣ್ಣದಲ್ಲಿ ದೊಡ್ಡದಾಗಿ ಬರೆದಿದ್ದಾರಲ್ಲ, ಅದು ತೋಳನ್ನು ಪೂರ್ತಿ ಒಳಗೆ ಎಳೆದುಕೊಂಡಾಗಿನ ಲೆಕ್ಕ. ತೋಳಿನಲ್ಲಿ ಸಾಲಾಗಿ ತೂತುಗಳಿರುತ್ತವೆ. ಹೊರಗೆ ಎಳೆದಂತೆಲ್ಲ ಶಕ್ತಿ ಒಂದೂವರೆ ಟನ್, ಒಂದು ಟನ್, ಕೊನೆಗೆ ಅರ್ಧ ಟನ್. ಅಂಬಾಸಿಡರ್ ಮೂತಿ ಉದ್ದ. ಗ್ರಿಲ್ ದಾಟಿ ಎಂಜಿನ್ ನಡುವಿಗೆ ಕೊಕ್ಕೆ ತಲುಪಬೇಕಾದರೆ ತೋಳನ್ನು ಹೆಚ್ಚು ಕಡಿಮೆ ಕೊನೆಯ ತೂತಿಗೇ ಹಾಕಬೇಕು. ಅರ್ಧ ಟನ್ ನಮಗೆ ಸಾಕು, ನಿಜ. ಆದರೆ ಅಗ್ಗ ಸಿಗುತ್ತದೆ ಅಂತ 1 ಟನ್ನಿನ ಕ್ರೇನ್ ತಂದವರಿಗೆ ಕೊನೆಯ ತೂತಿನಲ್ಲಿ ಉಳಿಯುವುದು ಎಷ್ಟು? ಅದನ್ನು ನೋಡಿಕೊಂಡು ದುಡ್ಡು ಕೊಡಬೇಕು.

ಕ್ರೇನಿನ ತೋಳು ಮೇಲೇರುವಾಗ ನೆಟ್ಟಗೆ ಏರುವುದೂ ಇಲ್ಲ, ಕಮಾನಿನಂತೆ ಬಾಗುತ್ತಾ ಏರುತ್ತದೆ. ಇಳಿಸುವಾಗ ವಾಲ್ವ್ ತಿರುಗಿಸಬೇಕು. ಒಳ್ಳೇ ಜ್ಯಾಕಿನಲ್ಲಿ ಅದು ಮೆಲ್ಲಗೆ ಇಳಿಯುತ್ತದೆ. ಅಗ್ಗದ್ದರಲ್ಲಿ ಏನೂ ಆಗುವುದಿಲ್ಲ, ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಗೇ ದಡ್ ಅಂತ ಒಂದು ಗೇಣು ಕೆಳಗೆ. ಎಂಜಿನ್ ಹೊರಗೆ ತೆಗೆಯುವಾಗ ಇದು ಅಷ್ಟೇನೂ ಕಾಡುವುದಿಲ್ಲ. ವಾಪಸ್ ಕೂರಿಸುವಾಗ, ಗೇರ್‌ಬಾಕ್ಸ್ ಶಾಫ್ಟನ್ನು ಕ್ಲಚ್ ಪ್ಲೇಟಿನ ಹಲ್ಲಿನೊಳಗೆ ಸೇರಿಸುವಾಗ, ಕೂದಲೆಳೆಯಷ್ಟು ಇಳಿಸಬೇಕು. ಅಲ್ಲಿ ಈ ದಡಕ್ ಆಟ ನಡೆಯುವುದಿಲ್ಲ.

ಕ್ರೇನ್ ಬಿಟ್ಟರೆ ಮತ್ತೇನು? ನಮ್ಮ ಹಾಲಿನಲ್ಲಿ ತೂಗುಮಂಚದ ಕೊಂಡಿಗಳಿವೆ. ಪೋರ್ಟಿಕೋ ತಾರಸಿಯಲ್ಲೂ ಒಂದಿದೆ, ಯಾವ ಕಾಲದಲ್ಲಿ ಯಾರು ಹಾಕಿಸಿದ್ದೋ. "ನಾಲ್ಕು ಜನ ಕೂತು ತೂಗ್ತೀವಿ, ಎಂಜಿನ್ ತಡೆಯಲ್ವಾ?" ಅಂತ ಮನೆಯವರ ವಾದ. ಕೇಳಲು ಸರಿಯಾಗಿಯೇ ಇದೆ. ತಡೆಯಬಹುದು. ಆದರೆ ಸಿಮೆಂಟಿನ ಒಳಗೆ ಆ ಕೊಂಡಿ ಕಂಬಿಗೆ ಸುತ್ತಿ ಬಾಗಿದೆಯೋ, ಸುಮ್ನೆ ಒಂದು ಗೇಣು ಒಳಗೆ ಹೋಗಿ ನಿಂತಿದೆಯೋ ಹೊರಗಿನಿಂದ ತಿಳಿಯುವುದಿಲ್ಲ. ಉಯ್ಯಾಲೆಗೆ ಎರಡು ಅಥವಾ ನಾಲ್ಕು ಕೊಂಡಿ, ಭಾರ ಹಂಚಿಹೋಗುತ್ತದೆ. ಇಲ್ಲಿ ಎಲ್ಲವೂ ಒಂದಕ್ಕೇ. ಅದೂ ಕಾರಿನ ಗಾಜಿನ ಮೇಲೆ, ನಮ್ಮ ಕೈಗಳ ಮೇಲೆ. ಆ ಕೊಂಡಿಯನ್ನು ಹೂವಿನ ಕುಂಡಕ್ಕೇ ಬಿಟ್ಟೆವು.

ಮರ? ಹಳ್ಳಿ ಕಡೆ ಮರದ ಕೊಂಬೆಗೆ ಎಂಜಿನ್ ತೂಗಿಸಿ ಇಳಿಸಿದವರು ಬೇಕಾದಷ್ಟಿದ್ದಾರೆ. ನಮ್ಮಲ್ಲಿರುವುದು ನುಗ್ಗೆ ಮರ. ಹೆಚ್ಚು ಹೇಳುವುದು ಬೇಡ.

ಕೊನೆಗೆ ದಾರಿ ತೋರಿಸಿದ್ದು ಭಾವ. ಅವರದು ಮಂಡ್ಯ ಕಡೆ ತೋಟ. ಬೋರ್‌ವೆಲ್ ಮೋಟಾರು ಸುಟ್ಟಾಗಲೆಲ್ಲ ಎತ್ತಿಸಿ, ಬಿಟ್ಟು, ಮತ್ತೆ ಎತ್ತಿಸಿ ರೂಢಿಯಾದವರು. ಫೋನಿನಲ್ಲಿ ನನ್ನ ಕ್ರೇನ್ ಪುರಾಣ ಕೇಳಿದ ಮೇಲೆ ಅಂದರು: "ಅಲ್ಲಪ್ಪಾ, ನಾನು ಇನ್ನೂರು ಅಡಿ ಆಳದಿಂದ ಕಬ್ಬಿಣದ ಪೈಪು, ಪೈಪಿನ ತುಂಬ ನೀರು, ತುದೀಲಿ ಮೋಟಾರು, ಎಲ್ಲಾ ಎತ್ತಿಸ್ತೀನಿ. ನೀನು ಕಾರಿನಿಂದ ಮೂರಡಿ ಎತ್ತೋಕೆ ಒದ್ದಾಡ್ತಿದ್ದೀಯಲ್ಲ. ಮುಕ್ಕಾಲಿ ತಂದು ನಿಲ್ಲಿಸು, ಚೈನ್ ಬ್ಲಾಕ್ ಹಾಕು."

ಹೌದಲ್ಲ! ಬೋರ್‌ವೆಲ್ ರಿಪೇರಿಯವರ ಮೂರು ಕಾಲಿನ ಆ ಪೈಪುಗಳು ಇಂಥ ಕೆಲಸಕ್ಕೇ ಇರುವುದು. ಅದರ ತುದಿಗೆ ತೂಗುಹಾಕಿ, ಕೈಯಿಂದ ಸರಪಳಿ ಎಳೆದು ಭಾರ ಎತ್ತುವ ರಾಟೆಯೇ ಚೈನ್ ಬ್ಲಾಕ್. ಈಗ ತುಂಬಾ ಕಡೆ ಗಾಡಿಗೆ ಕೂರಿಸಿದ ಕ್ರೇನ್ ಬಂದಿರುವುದರಿಂದ ಹಳೇ ಮುಕ್ಕಾಲಿಗಳು ಶೆಡ್ಡಿನ ಹಿಂದೆ ಸುಮ್ಮನೆ ಬಿದ್ದಿರುತ್ತವೆ. ದಿನಕ್ಕಿಷ್ಟು ಅಂತ ಬಾಡಿಗೆಗೆ ಸಿಗುತ್ತದೆ. ಅಲ್ಲಿ ಸಿಗದಿದ್ದರೆ ಸೆಂಟ್ರಿಂಗ್ ಸಾಮಾನು ಬಾಡಿಗೆ ಕೊಡುವವರನ್ನೋ ಗ್ರಾನೈಟ್ ಚಪ್ಪಡಿ ಎತ್ತಿಸುವವರನ್ನೋ ಕೇಳಿ ನೋಡಬಹುದು. ನಮ್ಮೂರುಗಳಲ್ಲಿ ಭಾರ ಎತ್ತುವ ವಿದ್ಯೆ ಕಾರು ಬರುವುದಕ್ಕಿಂತ ಹಳೆಯದು. ಕಾರಿನ ಅಂಗಡಿಯಲ್ಲಿ ಹುಡುಕಿದರೆ ಮಾತ್ರ ಅದು ದುಬಾರಿ.

ಮುಕ್ಕಾಲಿಗೆ ಚಕ್ರ ಇಲ್ಲ, ಎಂಜಿನ್ ಎತ್ತಿದ ಮೇಲೆ ಹೊರಗೆ ಹೇಗೆ ತರುತ್ತೀರಿ ಅಂತ ಕೇಳಬಹುದು. ತರುವುದೇ ಬೇಡ. ಮುಕ್ಕಾಲಿಗೆ ಚಕ್ರ ಇಲ್ಲದಿದ್ದರೇನು, ಕಾರಿಗೆ ನಾಲ್ಕಿವೆ. ಎಂಜಿನ್ ಮೇಲೆ ತೂಗುತ್ತಿರಲಿ, ಕಾರನ್ನು ಹಿಂದಕ್ಕೆ ತಳ್ಳಿ. ಇದು ತಲೆಗೆ ಹೊಳೆದ ಮೇಲೆ ಕ್ರೇನಿನ ಆಸೆ ಪೂರ್ತಿ ಹೋಯಿತು.

ಆದರೆ ಅಳತೆ ಸರಿಯಿರಬೇಕು. ಇಲ್ಲಿ ಕಾಗದ ಪೆನ್ಸಿಲ್ ಹಿಡಿದು ಕೂರುವುದು ಒಳ್ಳೆಯದು. ಮುಕ್ಕಾಲಿಯ ಎರಡು ಕಾಲು ಕಾರಿನ ಎಡಬಲಕ್ಕೆ, ಮೂರನೆಯದು ಬಂಪರಿನ ಮುಂದೆ. ಎಡಬಲದ ಕಾಲುಗಳ ಮಧ್ಯೆ ಕಾರು ಹಿಂದಕ್ಕೆ ಜಾರಬೇಕು. ಅಂಬಾಸಿಡರ್ ಅಗಲ 1.7 ಮೀಟರಿಗೆ ಸ್ವಲ್ಪ ಕಡಿಮೆ. ಕಾಲುಗಳು ಮೇಲೆ ಹೋದಂತೆ ಹತ್ತಿರ ಬರುತ್ತವೆ ಎನ್ನುವುದನ್ನು ಮರೆಯಬಾರದು. 3 ಮೀಟರ್ ಎತ್ತರದ ಮುಕ್ಕಾಲಿಯಲ್ಲಿ, ನೆಲದಿಂದ 1 ಮೀಟರ್ ಮೇಲೆ, ಅಂದರೆ ಮಡ್‌ಗಾರ್ಡ್ ಮಟ್ಟದಲ್ಲಿ, ಕಾಲುಗಳ ನಡುವಿನ ಜಾಗ ಬುಡದಲ್ಲಿರುವುದರ ಮೂರರಲ್ಲಿ ಎರಡು ಭಾಗ ಮಾತ್ರ. ಬುಡದಲ್ಲಿ 2.7 ಮೀಟರ್ ಬಿಟ್ಟರೆ ಮಡ್‌ಗಾರ್ಡ್ ಹತ್ತಿರ 1.8 ಸಿಗುತ್ತದೆ. ಅದಕ್ಕೆ ಪ್ರತಿ ಕಾಲೂ 3.4 ಮೀಟರ್, ಹನ್ನೊಂದು ಅಡಿಗೂ ಹೆಚ್ಚು ಉದ್ದ ಇರಬೇಕು. ಹತ್ತಡಿಯ ಪೈಪಿನ ಮುಕ್ಕಾಲಿ ತಂದರೆ ಎತ್ತಬಹುದು, ಆದರೆ ಕಾರು ಆಚೆ ಬರುವುದಿಲ್ಲ.

ಎತ್ತರದ್ದೂ ಲೆಕ್ಕ ಇದೆ. ಕಾರಿನ ಮುಂದಿನ ಪ್ಯಾನೆಲ್ ದಾಟಬೇಕು, ಅದರ ಮೇಲೆ ಎಂಜಿನ್ನಿನ ಎತ್ತರ, ಅದರ ಮೇಲೆ ಎಂಜಿನ್ ತೂಗಿಸುವ ಬೆಲ್ಟು, ಅದರ ಮೇಲೆ ಚೈನ್ ಬ್ಲಾಕಿನದೇ ಉದ್ದ. ಪೂರ್ತಿ ಎಳೆದುಕೊಂಡಾಗಲೂ ಚೈನ್ ಬ್ಲಾಕಿನ ಮೇಲಿನ ಕೊಕ್ಕೆಗೂ ಕೆಳಗಿನ ಕೊಕ್ಕೆಗೂ ಮಧ್ಯೆ ಅಡಿಗೂ ಮೀರಿ ಜಾಗ ಬೇಕು. ಗೇರ್‌ಬಾಕ್ಸ್ ಜೊತೆಗೆ ತೆಗೆದರೆ ಬಾಲ ಕೆಳಗೆ ಜೋಲುತ್ತದೆ, ಅದಕ್ಕೂ ಜಾಗ. ಎಲ್ಲಾ ಕೂಡಿಸಿದರೆ ಎರಡೂವರೆ ಮೀಟರಿಗಿಂತ ಗಿಡ್ಡನೆಯ ಯಾವುದೂ ಸಾಲುವುದಿಲ್ಲ. ಇದೇ ಕಾರಣಕ್ಕೆ ಪೋರ್ಟಿಕೋ ಒಳಗೆ ಮುಕ್ಕಾಲಿ ನಿಲ್ಲಲಿಲ್ಲ. ಕಾರನ್ನು ಬಯಲಿಗೆ ತಂದೆವು. ಮಳೆಗಾಲ ಮುಗಿಯುವ ತನಕ ಕಾದೆವು.

ಪೈಪು ನೋಡುವಾಗ ಒಂದು ಮಾತು. ಜಿಐ ಪೈಪಿನ ಮೇಲೆ ಬಣ್ಣದ ಪಟ್ಟಿ ಇರುತ್ತದೆ. ಹಳದಿ ಅಂದರೆ ತೆಳು, ಎ ಕ್ಲಾಸ್. ನೀಲಿ ಮಧ್ಯಮ, ಕೆಂಪು ದಪ್ಪ, ಸಿ ಕ್ಲಾಸ್. ಹಳೇ ಪೈಪಿನಲ್ಲಿ ಪಟ್ಟಿ ಅಳಿಸಿಹೋಗಿರುತ್ತದೆ, ತುದಿಯಲ್ಲಿ ಗೋಡೆಯ ದಪ್ಪ ನೋಡಿಕೊಳ್ಳಬೇಕು. ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಹೊಸದಾಗಿ ಮಾಡಿಸಿದರೆ ಅಗ್ಗ ಅಲ್ವಾ ಅಂತ ಒಬ್ಬರು ಸಲಹೆ ಕೊಟ್ಟರು. ಅವರು ಮಾಡುವ ಗೇಟು ಚೆನ್ನಾಗಿಯೇ ಇರುತ್ತದೆ. ಆದರೆ ಗೇಟಿನ ವೆಲ್ಡು ಬಿಟ್ಟರೆ ಕಿರ್ ಅನ್ನುತ್ತದೆ ಅಷ್ಟೇ. ತಲೆಯ ಮೇಲಿನ ವೆಲ್ಡಿನಲ್ಲಿ ಉಳಿತಾಯ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಕಾಲುಗಳು ಭಾರ ಬಿದ್ದಾಗ ಹೊರಕ್ಕೆ ಜಾರಲು ನೋಡುತ್ತವೆ. ಹಾಗಾಗಿ ಬುಡದಲ್ಲಿ ಮೂರನ್ನೂ ಸರಪಳಿಯಿಂದ ಸುತ್ತ ಕಟ್ಟಬೇಕು. ಆದರೆ ಎಡಬಲದ ಕಾಲುಗಳ ನಡುವಿನ ಸರಪಳಿ ಕಾರಿನ ಕೆಳಗೆ ನೆಲಕ್ಕೆ ಅಂಟಿಕೊಂಡಿರಬೇಕು, ಚಕ್ರ ಅದರ ಮೇಲೇ ಹಾಯುತ್ತದೆ. ಕಲ್ಲಿನ ನೆಲದಲ್ಲಿ ಪ್ರತಿ ಕಾಲಿನ ಕೆಳಗೂ ಒಂದು ಹಲಗೆ.

ಇಷ್ಟನ್ನು ಬಾಡಿಗೆಗೆ ತಂದರೆ ಸಾಕು. ದುಡ್ಡು ಹಾಕಿ ಹೊಸದಾಗಿ ಕೊಂಡದ್ದು ಚೈನ್ ಬ್ಲಾಕ್. 1 ಟನ್ನಿನದು, 3 ಮೀಟರ್ ಎತ್ತುವಂಥದ್ದು. ಐದರಿಂದ ಎಂಟು ಸಾವಿರದೊಳಗೆ ಹೇಳಿದರು, ಕ್ರೇನ್ ಬೆಲೆಯ ಮೂರನೇ ಒಂದು ಭಾಗವೂ ಆಗಲಿಲ್ಲ. ಅರ್ಧ ಟನ್ನಿನದೂ ನಮ್ಮ ಭಾರಕ್ಕೆ ಸಾಕಾಗುತ್ತಿತ್ತು. ಎರಡು ಟನ್ನಿನದು ಬೇಡವೇ ಬೇಡ: ಆ ಬ್ಲಾಕೇ ಒಂದು ಭಾರ, ಮೇಲೇರಿಸಿ ಕಟ್ಟುವುದೇ ಒಂದು ಕೆಲಸ, ಒಂದಡಿ ಎತ್ತಲು ಇನ್ನಷ್ಟು ಎಳೆಯಬೇಕು. ಕೈಯಿಂದ ಎಳೆಯುವ ಚೈನ್ ಬ್ಲಾಕುಗಳಿಗೆ ಐಎಸ್ 3832 ಅಂತ ಭಾರತೀಯ ಮಾನಕ ಇದೆ. ಅದು ಬರೆದಿರುವ, ತಯಾರಕರ ಹೆಸರಿನ ತಗಡು ಇರುವ ಬ್ಲಾಕನ್ನೇ ಕೇಳಿ. ಗುಜರಿಯಲ್ಲಿ ಅರ್ಧ ಬೆಲೆಗೆ ಸಿಗುತ್ತವೆ, ಸುಳ್ಳಲ್ಲ. ಬೆಂಗಳೂರಿನ ಶಿವಾಜಿನಗರ, ಕಲಾಸಿಪಾಳ್ಯದ ಕಡೆ ಸುತ್ತಿದವರಿಗೆ ಆ ಆಸೆ ಗೊತ್ತು. ನನ್ನ ಲೆಕ್ಕ ಸರಳ. ಸ್ಪ್ಯಾನರ್ ಗುಜರಿಯದು ಪರವಾಗಿಲ್ಲ, ಸ್ಟ್ಯಾಂಡು ಗುಜರಿಯದು ನೋಡಿ ತರಬಹುದು, ತೂಗುವ ಸಾಮಾನು ಮಾತ್ರ ಹೊಸದು. ಹಳೆಯದನ್ನೇ ತರುವುದಾದರೆ ಕೊಕ್ಕೆಯ ಬಾಯಿ ಅಗಲವಾಗಿದೆಯಾ, ಬಾಯಿಗೆ ಅಡ್ಡ ಇರುವ ನಾಲಿಗೆ ತಾನಾಗಿ ಮುಚ್ಚುತ್ತದೆಯಾ, ಸರಪಳಿಯ ಕೊಂಡಿಗಳು ಉದ್ದಕ್ಕೆ ಎಳೆದುಕೊಂಡಿವೆಯಾ, ಇಷ್ಟನ್ನು ನೋಡದೆ ತರಬೇಡಿ.

ಈ ಚೈನ್ ಬ್ಲಾಕ್ ಒಳಗೆ ಒಂದು ಬ್ರೇಕಿದೆ, ನನಗೆ ಅದು ಬಹಳ ಇಷ್ಟ. ಕೈ ಸರಪಳಿ ಬಿಟ್ಟುಬಿಟ್ಟರೂ ಭಾರ ಅಲ್ಲೇ ನಿಲ್ಲುತ್ತದೆ. ಭಾರ ಕೆಳಕ್ಕೆ ಎಳೆದಷ್ಟೂ ಬ್ರೇಕಿನ ಬಿಲ್ಲೆಗಳು ಇನ್ನೂ ಬಿಗಿಯಾಗುತ್ತವೆ. ಎತ್ತುವಾಗ ಒಳಗಿನ ಹಲ್ಲುಚಕ್ರದ ಮೇಲೆ ಒಂದು ಚಿಕ್ಕ ತುಂಡು ಹಾರಿ ಹಾರಿ ಕೂರುತ್ತಾ ಟಿಕ್ ಟಿಕ್ ಟಿಕ್ ಅನ್ನುತ್ತದೆ. ಇಳಿಸುವಾಗ ಸದ್ದೇ ಇಲ್ಲ. ಆಗ ಹಲ್ಲುಚಕ್ರ ಅಲುಗುವುದಿಲ್ಲ, ಬಿಲ್ಲೆಗಳು ಮಾತ್ರ ಸಡಿಲವಾಗಿ ಬಿಗಿಯಾಗಿ ಜಾರುತ್ತಿರುತ್ತವೆ. ಎತ್ತುವಾಗ ಟಿಕ್ ಟಿಕ್ ಕೇಳದಿದ್ದರೆ ಆ ಬ್ಲಾಕನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಒಂದೊಂದು ಟಿಕ್ಕಿಗೆ ಭಾರ ಏರುವುದು ಕಣ್ಣಿಗೆ ಕಾಣದಷ್ಟು. ಒಂದಡಿಗೆ ಹತ್ತಾರು ಅಡಿ ಸರಪಳಿ ಎಳೆಯಬೇಕು. ಬೇಜಾರಿನ ಕೆಲಸ, ಆದರೆ ಎಂಜಿನ್ ಕೂರಿಸುವ ದಿನ ಈ ನಿಧಾನವೇ ಬೇಕಾಗುವುದು.

ಕೈಯಲ್ಲಿ ಲಿವರ್ ಹಿಡಿದು ಕಟಕಟ ಅಂತ ಎಳೆಯುವ, ತೆಳು ವೈರ್ ಹಗ್ಗದ ಪುಲ್ಲರ್ ಒಂದು ತುಂಬ ಅಗ್ಗಕ್ಕೆ ಸಿಗುತ್ತದೆ. ಅದು ಬೇಲಿ ತಂತಿ ಬಿಗಿಯಲು, ಹೂತ ಜೀಪು ಎಳೆಯಲು. ಎತ್ತಲು ಅಲ್ಲ.

ಎಂಜಿನ್ನಿಗೂ ಕೊಕ್ಕೆಗೂ ಮಧ್ಯೆ ಇರುವುದು ಬೆಲ್ಟು. ಪಾಲಿಯೆಸ್ಟರ್ ಲಿಫ್ಟಿಂಗ್ ಬೆಲ್ಟಿಗೆ ಬಣ್ಣದ ಗುರುತು: ನೇರಳೆ ಅಂದರೆ 1 ಟನ್, ಹಸಿರು 2 ಟನ್, ಹಳದಿ 3 ಟನ್. ನೇರಳೆ ಸಾಕು. ಮನೆಯಲ್ಲಿ ನೈಲಾನ್ ಹಗ್ಗ ಇದೆಯಲ್ಲ ಅಂದರೆ, ಇರಲಿ, ಬಟ್ಟೆ ಒಣಗಿಸೋಣ. ಬೆಲ್ಟನ್ನು ಗಂಟು ಹಾಕಿ ಗಿಡ್ಡ ಮಾಡಬಾರದು, ಬೀಡು ಕಬ್ಬಿಣದ ಚೂಪು ಅಂಚು ತಾಗುವ ಕಡೆ ಹಳೇ ಟ್ಯೂಬಿನ ತುಂಡು ಇಡಬೇಕು.

ಬೆಲ್ಟಿನ ಕೋನ ತುಂಬಾ ಜನ ಗಮನಿಸದ ವಿಷಯ. ಎರಡು ಕಡೆ ಕಟ್ಟಿ ಮಧ್ಯದಲ್ಲಿ ಕೊಕ್ಕೆ ಹಾಕಿದಾಗ 200 ಕಿಲೋ ಭಾರ ಆಚೆಗೆ ನೂರು ಈಚೆಗೆ ನೂರು ಅಂತ ಹಂಚಿಹೋಗುವುದಿಲ್ಲ. ಬೆಲ್ಟು ನೆಲಕ್ಕೆ 60 ಡಿಗ್ರಿಯಲ್ಲಿದ್ದರೆ ಒಂದೊಂದರ ಮೇಲೆ 115 ಕಿಲೋ. 45 ಆದರೆ 141. ತಲೆ ಮೇಲೆ ಜಾಗ ಸಾಲದು ಅಂತ ಬೆಲ್ಟನ್ನು ಬಿಗಿದು 30 ಡಿಗ್ರಿಗೆ ಚಪ್ಪಟೆ ಮಾಡಿದರೆ ಒಂದೊಂದೂ ಪೂರ್ತಿ 200 ಕಿಲೋ ಹೊರುತ್ತದೆ, ಜೊತೆಗೆ ಕಟ್ಟಿದ ಬೋಲ್ಟುಗಳನ್ನು ಒಳಕ್ಕೆ ಬಾಗಿಸುತ್ತದೆ. ಎತ್ತರದ ಮುಕ್ಕಾಲಿ ಬೇಕು ಅಂದದ್ದು ಇದಕ್ಕೂ ಹೌದು.

ಎಲ್ಲಿ ಕಟ್ಟುವುದು? ರಾಕರ್ ಕವರ್ ಬರೀ ತಗಡು, ಕಾರ್ಬ್ಯುರೇಟರ್ ಕೂತ ಮ್ಯಾನಿಫೋಲ್ಡು ಹಿಡಿದೆತ್ತಲು ಇರುವುದಲ್ಲ. ನಮ್ಮ ಎಂಜಿನ್ ಹೇಗಿದ್ದರೂ ಪೂರ್ತಿ ಬಿಚ್ಚುವುದೇ. ಹಾಗಾಗಿ ಮೇಸ್ತ್ರಿ ಮುಂದೊಂದು ಹಿಂದೊಂದು ಹೆಡ್ ಸ್ಟಡ್ಡಿನ ನಟ್ಟು ತೆಗೆದು, ದಪ್ಪ ಪಟ್ಟಿಯ ಕಿವಿ ಹಾಕಿ ಮತ್ತೆ ಬಿಗಿದರು. ಬರೀ ಕ್ಲಚ್ ಬದಲಿಸಲು ಇಳಿಸುವವರು ಹೆಡ್ಡಿನ ತಂಟೆಗೆ ಹೋಗದೆ ಬೆಲ್ಟನ್ನು ಎಂಜಿನ್ನಿನ ಅಡಿಯಿಂದಲೇ ಸುತ್ತುವುದು ಮೇಲು. ಬೇರೆ ಬೋಲ್ಟು ಹಾಕುವುದಿದ್ದರೆ ತಲೆ ಮೇಲೆ 8.8 ಅಂತ ಗಟ್ಟಿತನದ ಗುರುತು ಕೊರೆದಿರುವುದನ್ನೇ ಹಾಕಿ. ಗುರುತೇ ಇಲ್ಲದ ಬೋಲ್ಟು ಎಷ್ಟು ದಪ್ಪ ಇದ್ದರೂ ಬೇಡ.

ಎಂಜಿನ್ ಓರೆ ಮಾಡಲು ಸ್ಕ್ರೂ ಇರುವ ಲೆವೆಲರ್ ಪಟ್ಟಿ ಬರುತ್ತದೆ. ನಾವು ತರಲಿಲ್ಲ. ಹಿಂದಿನ ಬೆಲ್ಟು ಉದ್ದ, ಮುಂದಿನದು ಗಿಡ್ಡ. ಮೂತಿ ಮೇಲೆ, ಬಾಲ ಕೆಳಗೆ. ಬಾಲದ ಅಡಿಗೆ ಟ್ರಾಲಿ ಜ್ಯಾಕ್ ಕೊಟ್ಟು ಮೆಲ್ಲಗೆ ಮುಂದಕ್ಕೆ ಉರುಳಿಸಿದರೆ ಅದೇ ಕೆಲಸ ಆಗುತ್ತದೆ.

ಎಂಜಿನ್ ಮುಟ್ಟುವ ಮೊದಲು ಇದೆಲ್ಲವನ್ನೂ ಪರೀಕ್ಷೆ ಮಾಡಿದೆವು. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಅವರನ್ನು ಕೇಳಿ ಸಿಮೆಂಟು ಮೂಟೆ ತಂದೆವು. ಮೂಟೆಗೆ 50 ಕಿಲೋ, ಆರು ಮೂಟೆ ಅಂದರೆ 300. ದಪ್ಪ ಹಲಗೆ ಮೇಲೆ ಜೋಡಿಸಿ, ಅದೇ ಬೆಲ್ಟು, ಅದೇ ಬ್ಲಾಕ್, ಅದೇ ಮುಕ್ಕಾಲಿ. ನೆಲದಿಂದ ಬರೀ ಒಂದು ಗೇಣು ಎತ್ತಿ, ಕೊಂಡಿಯೊಂದಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಊಟಕ್ಕೆ ಹೋದೆವು. ಬಂದು ನೋಡಿದಾಗ ಗೆರೆ ಅಲ್ಲೇ ಇತ್ತು. ಒಂದು ಕಾಲಿನ ಹಲಗೆ ಮಾತ್ರ ಸ್ವಲ್ಪ ಹೂತಿತ್ತು, ಅಲ್ಲಿ ಕಲ್ಲಿನ ಕೆಳಗೆ ಮಣ್ಣು ಪೊಳ್ಳು. ಜಾಗ ಒಂದಡಿ ಬದಲಿಸಿದೆವು. ಈ ಪರೀಕ್ಷೆಗೆ ಪೈಸೆ ಖರ್ಚಿಲ್ಲ. ಸಾಮಾನಿನ ಬಗ್ಗೆ ಅಂಗಡಿಯವರು ಹೇಳುವುದಕ್ಕಿಂತ ಹೆಚ್ಚು ಇದು ಹೇಳುತ್ತದೆ.

ಸ್ಪ್ಯಾನರ್ ವಿಷಯಕ್ಕೆ ಜಾಸ್ತಿ ಹೇಳಬೇಕಾಗಿಲ್ಲ. ಈ ಎಂಜಿನ್ ಇಂಚಿನ ಲೆಕ್ಕದ್ದು. ಅರ್ಧ ಇಂಚಿನ ನಟ್ಟಿಗೆ 13ರ ಸ್ಪ್ಯಾನರ್ ಕೂರುತ್ತದೆ, ಆದರೆ ಸಡಿಲ. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ತುಕ್ಕು ಹಿಡಿದ ಸೈಲೆನ್ಸರ್ ಪೈಪಿನ ನಟ್ಟಿಗೆ ಆ ಸಡಿಲವೇ ಸಾಕು, ಮೂಲೆಗಳು ಸವೆದು ಉಂಡೆಯಾಗುತ್ತದೆ. ಸ್ಪ್ಯಾನರ್ ಮಾಡುವ ಟಪಾರಿಯಾ ಕಂಪನಿಯವರದೇ ಇಂಚಿನ ಸೆಟ್ಟು ಸಿಗುತ್ತದೆ, ತಗೊಳ್ಳಿ. ತುಕ್ಕಿಗೆ ಎಣ್ಣೆ ಬಿಡುವುದನ್ನು ಎಂಜಿನ್ ಇಳಿಸುವ ದಿನ ಬೆಳಿಗ್ಗೆ ಅಲ್ಲ, ಅದಕ್ಕೆ ವಾರ ಮೊದಲೇ ಶುರು ಮಾಡಿ. ಬಾನೆಟ್ ಬಿಚ್ಚುವಾಗ ಹಿಂಜಿನ ಸುತ್ತ ಪೆನ್ಸಿಲ್ ಗೆರೆ ಹಾಕಿದರೆ ವಾಪಸ್ ಕೂರಿಸುವಾಗ ಸಂದಿ ಸರಿಮಾಡಲು ಅರ್ಧ ದಿನ ಉಳಿಯುತ್ತದೆ. ಅಂಬಾಸಿಡರ್ ಬಾನೆಟ್ ಇಬ್ಬರಿಲ್ಲದೆ ಎತ್ತಲು ಹೋಗಬೇಡಿ. ಎಂಜಿನ್ ನಂಬರಿನ ಫೋಟೋ ಒಂದು ತೆಗೆದಿಡಿ, ಆರ್‌ಸಿಯಲ್ಲಿ ಇರುವುದೇ ಎಂಜಿನ್ ಬ್ಲಾಕಿನ ಮೇಲೂ ಇದೆಯಾ ಅಂತ ತಾಳೆ ನೋಡಲು. ಹಳೇ ಗಾಡಿಗಳಲ್ಲಿ ಎಷ್ಟೋ ಸಲ ಇರುವುದಿಲ್ಲ.

ಇಳಿಸಿದ ದಿನ ನಿಜವಾಗಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಭಾವ ಬಂದಿದ್ದರು, ಚೈನ್ ಎಳೆಯುವುದು ತಾವೇ ಅಂತ ಹಟ. ಒಳಗೆ ಸೀಟಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ನನ್ನ ಮಗಳು. ಹಿಂದಿನ ಚಕ್ರಕ್ಕೆ ಕಲ್ಲು, ಯಾಕೆಂದರೆ ಕಾರು ಹಿಂದಕ್ಕೆ ಹೋಗುವ ದಿಕ್ಕೇ ಇಳಿಜಾರು. ಗೇರ್‌ಬಾಕ್ಸ್ ಜೊತೆಗೇ ತೆಗೆದೆವು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕಳಚಿದ ಮೇಲೆ ಬಾಲ ಕೆಳಗಾದರೆ ಗೇರ್ ಆಯಿಲ್ ಹಿಂದಿನಿಂದ ಸುರಿಯುತ್ತದೆ. ಮೊದಲೇ ಬಸಿದಿದ್ದರೂ ತುದಿಗೆ ಹಾಲಿನ ಕವರ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿದೆವು. ಟಿಕ್ ಟಿಕ್ ಅಂತ ಎಂಜಿನ್ ಏರಿತು. ಏನೋ ಒಂದು ಹಿಡಿದಂತಾಯಿತು. "ನಿಲ್ಸಿ ಸಾರ್, ಎಳೀಬೇಡಿ!" ಅಂತ ಮೇಸ್ತ್ರಿ ಕೂಗಿದರು. ನೋಡಿದರೆ ಎಂಜಿನ್ ಬ್ಲಾಕಿನಿಂದ ಕಾರಿನ ಬಾಡಿಯ ಕಡೆಗೆ ಹೋಗುವ ಹೆಣೆದ ಅರ್ತ್ ಪಟ್ಟಿ. ಪ್ರತಿ ಸಲವೂ ಅದೊಂದು ಉಳಿದೇ ಉಳಿಯುತ್ತದಂತೆ. ಕೈ ಸರಪಳಿ ಬಿಟ್ಟು ಎಲ್ಲರೂ ಆರಾಮಾಗಿ ನಿಂತೆವು, ಅವರು ಪಕ್ಕದಿಂದ ಸ್ಪ್ಯಾನರ್ ಹಾಕಿ ಬಿಚ್ಚಿದರು. ತೂಗುವ ಭಾರದ ಅಡಿಗೆ ಕೈ ಹಾಕಬಾರದು ಅನ್ನುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಮೇಲೆ ಕಲ್ಲು ತೆಗೆದು, ಮಗಳು ಬ್ರೇಕ್ ಬಿಡುತ್ತಾ ಹಿಡಿಯುತ್ತಾ, ಕಾರು ಮೆಲ್ಲಗೆ ಹಿಂದೆ ಜಾರಿತು.

ಕೆಳಗೆ ಏನಿಡುವುದು? ಎಂಜಿನ್ ಸ್ಟ್ಯಾಂಡ್ ಅಂತ ಸಿಗುತ್ತದೆ, ಹಿಂಭಾಗದಲ್ಲಿ ನಾಲ್ಕು ಬೋಲ್ಟು ಹಾಕಿ ತಿರುಗಿಸಬಹುದಾದದ್ದು. ಮೂರು ಚಕ್ರದ್ದು ಅಗ್ಗ, ಬೀಡು ಕಬ್ಬಿಣದ ಎಂಜಿನ್ನಿಗೆ ಅದನ್ನು ನಾನು ನಂಬುವುದಿಲ್ಲ. ನಾಲ್ಕು ಚಕ್ರದ್ದಕ್ಕೆ ದುಡ್ಡು ಹಾಕುವಷ್ಟು ನಾವು ಅದನ್ನು ತಿರುಗಿಸುವುದಿಲ್ಲ, ಬೋರಿಂಗು, ಕ್ರ್ಯಾಂಕ್ ಗ್ರೈಂಡಿಂಗು ಎಲ್ಲಾ ಲೇತ್ ಅಂಗಡಿಯಲ್ಲೇ. ಹಾಗಾಗಿ ಎಲ್ಲಾ ಗ್ಯಾರೇಜಿನವರೂ ಮಾಡುವುದನ್ನೇ ಮಾಡಿದೆವು: ಹಳೇ ಟೈರಿನ ಮೇಲೆ ಇಳಿಸಿದೆವು. ಎಂಜಿನ್ನಿನ ಅಡಿಯ ಆಯಿಲ್ ಸಂಪ್‌ಗೆ ಪೆಟ್ಟಿಲ್ಲ, ವಾಲುವುದಿಲ್ಲ, ಬಿಟ್ಟಿ.

ಬಾಡಿಗೆಯೋ ಖರೀದಿಯೋ ಅಂತ ಲೆಕ್ಕ ಹಾಕುವಾಗ ಒಂದನ್ನು ನೆನಪಿಡಬೇಕು. ಇಳಿಸಿದ್ದನ್ನು ಮತ್ತೆ ಕೂರಿಸಬೇಕು. ಮಧ್ಯೆ ಎಷ್ಟು ದಿನ ಅಂತ ಯಾರೂ ಹೇಳಲಾರರು. ಪಿಸ್ಟನ್ ಸಿಗಬೇಕು, ಬೇರಿಂಗ್ ಸಿಗಬೇಕು, ಲೇತಿನವರಿಗೆ ಬಿಡುವಾಗಬೇಕು. ಕ್ರೇನ್ ಬಾಡಿಗೆಗೆ ತಂದು ಇಟ್ಟುಕೊಂಡರೆ ದಿನ ದಿನಕ್ಕೂ ಮೀಟರ್ ಓಡುತ್ತದೆ. ಮುಕ್ಕಾಲಿಯನ್ನು ಒಂದು ದಿನಕ್ಕೆ ತಂದು ವಾಪಸ್ ಕೊಟ್ಟೆವು, ಕೂರಿಸುವ ದಿನ ಇನ್ನೊಮ್ಮೆ ತರುತ್ತೇವೆ. ಬ್ಲಾಕೂ ಬೆಲ್ಟೂ ನಮ್ಮ ಹತ್ತಿರವೇ ಇವೆ.

ನಮ್ಮ ಹತ್ತಿರ ಅಂದೆನಲ್ಲ, ಚೈನ್ ಬ್ಲಾಕ್ ಈಗ ನಮ್ಮ ಮನೆಯಲ್ಲಿ ಇರುವುದೇ ಅಪರೂಪ. ಇಂಥದ್ದೊಂದು ಬೀದಿಯಲ್ಲಿದೆ ಅಂತ ಗೊತ್ತಾದ ಮೇಲೆ ಒಬ್ಬರಿಗೆ ಬಾವಿಯ ಮೋಟಾರು, ಇನ್ನೊಬ್ಬರಿಗೆ ರುಬ್ಬುವ ಕಲ್ಲು, ಮತ್ತೊಬ್ಬರಿಗೆ ಗೇಟಿನ ಕಂಬ. ಕೇಳಿದವರಿಗೆಲ್ಲ ಕೊಡುತ್ತೇನೆ. ನೇರಳೆ ಬೆಲ್ಟು ಮಾತ್ರ ಯಾರಿಗೂ ಇಲ್ಲ. ಅದರ ಅಂಚು ಎಲ್ಲೋ ಒಂದು ಕಡೆ ಕಲ್ಲಿಗೆ ಉಜ್ಜಿ ಎಳೆ ಬಿಟ್ಟು ಬಂದರೆ ಎಂಜಿನ್ ಕೂರಿಸುವ ದಿನ ನನಗೆ ಹೇಗೆ ಗೊತ್ತಾಗಬೇಕು? "ಬೆಲ್ಟು ಅಂಗಡೀಲಿ ಸಿಗುತ್ತೆ, ನಿಮ್ಮದು ನೀವು ತಗೊಳ್ಳಿ" ಅಂತ ಅಂಗಡಿಯ ಹೆಸರು ಬರೆದು ಕೊಡುತ್ತೇನೆ. ಜಿಪುಣ ಅಂದುಕೊಂಡರೂ ಚಿಂತೆಯಿಲ್ಲ.